ಹೆಪ್ಪು

ನಮ್ಮ ಸಾರ್ಡೀನಿಯಾದ ಗುಡ್ಡಗಾಡಿನಲ್ಲಿ
ಚೀಸಿಗೆ ಹೆಪ್ಪು ಸಿಗುವುದು ಕುರಿಮರಿಯ ಹೊಟ್ಟೆಯಲ್ಲಿ.
ತಾಯ ಹಾಲಲ್ಲದೆ ಇನ್ನೇನನ್ನೂ ಮುಟ್ಟಿರಬಾರದು ಮರಿ,
ಹುಲ್ಲಿನ ಎಸಳಿಗೂ ಬಾಯಿ ಹಾಕಿರಬಾರದು.
ಹೊಟ್ಟೆತುಂಬ ಕುಡಿಯಲು ಬಿಟ್ಟು
ಅಮ್ಮ ಕಾಯುತ್ತಿದ್ದಳು, ಕತ್ತಿ ಮಂಡಿಯ ಮೇಲೆ.
ಆಮೇಲೆ ಆ ಮರಿಯ ಹೊಟ್ಟೆಯದೇ ಹೆಪ್ಪು
ಅದರ ತಾಯಿಯದೇ ಹಾಲಿಗೆ.

ನಾನು ಬೊನಾರಿಯಾ, ಮಿಂತೋನಿಯಾಳ ಮಗಳು,
ಬಾಕೀಸನ ಅಕ್ಕ. ಊರಲ್ಲಿ ಈ ಎರಡನೆಯದನ್ನು
ಯಾರೂ ಜೋರಾಗಿ ಹೇಳುವುದಿಲ್ಲ.

ಅಪ್ಪನ ಹೆಣ ಅಂಗಳದಲ್ಲಿರುವಾಗಲೇ
ನೋಡಲು ಬಂದವರಲ್ಲಿ ಬಾಕಿ ಇದ್ದವರನ್ನು
ಬಾಗಿಲಲ್ಲೇ ತಡೆದು ಬಡ್ಡಿ ಎಣಿಸಿಕೊಂಡವಳು ಅಮ್ಮ.
ಸ್ವಂತ ತಮ್ಮ ಬೇಲಿ ಸರಿಸಿದನೆಂದು
ಅವನ ಹನ್ನೆರಡು ಮೇಕೆಗಳ ಹಿಂಗಾಲಿನ ನರ ಕೊಯ್ದು
ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಮನೆಗೆ ಬಂದವಳು.
ನಾನು ಅತ್ತರೆ, "ಅಳು, ಮುಗಿಸಿ ಬಾ,
ಬಕೆಟ್ಟು ಕಾಯ್ತಿದೆ" ಅಂದವಳು.

ಬಾಕೀಸ ಆರು ವರ್ಷದವನಿದ್ದಾಗ
ಹಕ್ಕಿಯೊಂದರ ಕಣ್ಣು ಮುಳ್ಳಿನಿಂದ ತೆಗೆದು
ಹಾರುತ್ತದೋ ನೋಡೋಣವೆಂದು ಮೇಲಕ್ಕೆಸೆದ.
ಹಾರಿತು. ಗೋಡೆಗೆ ಬಡಿಯಿತು.
ಅವನು ನಕ್ಕ ಅಂದರೆ ಸುಳ್ಳಾಗುತ್ತದೆ.
ನೋಡಿದ, ಅಷ್ಟೆ, ಅಮ್ಮ ಹಾಲಿನ ಕಾವು ನೋಡುವ ಹಾಗೆ.
ಅಮ್ಮ ಅವನನ್ನು ನೋಡಿದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ.
ಕುರುಡಿಗೆ ಸಿಗುವ ರಿಯಾಯಿತಿ ಅದು.
ಅಮ್ಮ ಕುರುಡಿಯಲ್ಲ. ಹೆಗ್ಗಣವನ್ನು ಹೆಗ್ಗಣವೆಂದೇ
ಅವತ್ತು ಗುರುತು ಹಿಡಿದಳು,
ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡು
ಕುರಿಗಳ ಕಿವಿ ಕೊಯ್ಯುವುದು ಕಲಿಸಿದಳು:
ಎಡಗಿವಿ, ಕೆಳಗಿನಿಂದ ಮೇಲಕ್ಕೆ, ಓರೆಯಾಗಿ,
ಕೊನೆಯಲ್ಲಿ ಕತ್ತಿಗೆ ಒಂದಿಷ್ಟು ತಿರುವು.
ನಮ್ಮ ಮನೆಯ ಗುರುತು. ನನಗೆ ಕಲಿಸಲಿಲ್ಲ.

ಇಂಜಿನಿಯರನ ಮಗನನ್ನು ಹೊತ್ತೊಯ್ದ ಚಳಿಗಾಲ.
ಹಣ ತಡವಾಯಿತೆಂದು
ಹುಡುಗನ ಕಿವಿಯನ್ನು ಅಂಚೆಯಲ್ಲಿ ಕಳಿಸಿದರು.
ಪತ್ರಿಕೆಯಲ್ಲಿ ಫೋಟೋ ಬಂತು, ಮಸುಕು, ಹೆಬ್ಬೆರಳಷ್ಟು.
ನನಗೆ ಕಂಡದ್ದು ಒಂಬತ್ತು ವರ್ಷದ ಒಂದು ಕಿವಿ.
ಅಮ್ಮ ದೀಪದ ಬಳಿಗೊಯ್ದು
ಬಹಳ ಹೊತ್ತು ಓದಿದಳು. ಅವಳಿಗೆ ಓದು ಬಾರದು.
ಓರೆ. ಕೊನೆಯಲ್ಲಿ ಆ ತಿರುವು.
ತನ್ನದೇ ಕೈಬರಹ.

ಬೆಳಗ್ಗೆ ಹಾಲು ಕರೆದು, ಕಪ್ಪು ಶಾಲು ಹೊದ್ದು
ಠಾಣೆಗೆ ನಡೆದಳು. ಯಾವ ಗವಿ,
ಯಾವ ಓಕ್ ಮರದ ಎಡಕ್ಕೆ,
ನಾಯಿಯನ್ನು ಏನೆಂದು ಕರೆದರೆ ಬೊಗಳುವುದಿಲ್ಲ,
ಎಲ್ಲ ಹೇಳಿದಳು.
ಹುಡುಗ ಬದುಕಿದ.
ಈಗ ದೊಡ್ಡವನು, ಬೇಸಿಗೆಯಲ್ಲೂ ಟೋಪಿ ಹಾಕುತ್ತಾನಂತೆ.

ಬಹುಮಾನದ ಹಣ ಬೇಡ ಅನ್ನಲಿಲ್ಲ ಅಮ್ಮ. ಎರಡು ಸಲ ಎಣಿಸಿದಳು.
ಅದರಲ್ಲೇ ತೊರೆಯಾಚೆಯ ಹುಲ್ಲುಗಾವಲು ಕೊಂಡು
ಮಗನ ಹೆಸರಿಗೆ ಬರೆಸಿದಳು,
ಮೂವತ್ತು ವರ್ಷ ಶಿಕ್ಷೆಯಾದವನ ಹೆಸರಿಗೆ.

ಇದನ್ನು ಪ್ರೀತಿ ಅನ್ನಬಹುದೇ ಎಂದು ಪಾದ್ರಿಯನ್ನು ಕೇಳಿದೆ.
ಪಾದ್ರಿ ಮೇಣದಬತ್ತಿ ಸರಿಮಾಡಿದರು.
ಆ ಹುಡುಗನ ತಾಯಿಯನ್ನು ಕೇಳಬೇಕಿತ್ತು.
ನನಗೆ ಮುಖವಿರಲಿಲ್ಲ.
ಕೆಲವು ರಾತ್ರಿ ಅನಿಸುತ್ತದೆ,
ಅವಳು ಪ್ರೀತಿಸುವುದು ಗುರುತನ್ನು, ಮಗನನ್ನಲ್ಲ.
ಇನ್ನು ಕೆಲವು ರಾತ್ರಿ:
ಬೇರೆ ತಾಯಂದಿರು ಪ್ರೀತಿಸುವುದು ತಾವು ಕಲ್ಪಿಸಿಕೊಂಡ ಮಗನನ್ನು,
ಇದ್ದ ಮಗನನ್ನು ಪ್ರೀತಿಸಿದವಳು ಇವಳೊಬ್ಬಳೇ.
ಯಾವ ರಾತ್ರಿಯೂ ನಿದ್ದೆ ಬರುವುದಿಲ್ಲ.

ತಿಂಗಳಿಗೊಮ್ಮೆ ಸೆರೆಮನೆಯ ದ್ವೀಪಕ್ಕೆ ದೋಣಿ.
ಅವಳ ಮಡಿಲಲ್ಲಿ ಬಟ್ಟೆ ಸುತ್ತಿದ ಚೀಸು,
ಕಾಗದದಷ್ಟು ತೆಳ್ಳನೆಯ ರೊಟ್ಟಿ.
ನಾನು ಹೊರಗೆ, ಗಾಳಿಯಲ್ಲಿ.
ಅವಳು ಬಂದಾಗ ಕೇಳುತ್ತೇನೆ, ಏನಂದ?
ಹನ್ನೊಂದು ವರ್ಷದಲ್ಲಿ ಒಮ್ಮೆ ಮಾತ್ರ ಉತ್ತರ ಬಂತು:
"ಉಪ್ಪು ಕಮ್ಮಿ ಅಂದ."

ಆ ವಾರ ಹೊಸ ಚೀಸಿಗೆ ಉಪ್ಪು ಸವರುವಾಗ
ಬೆರಳು ನಾಲಿಗೆಗಿಟ್ಟು ನೋಡಿದಳು.
ಇನ್ನಷ್ಟು ಹಾಕಿದಳು. ಮತ್ತೆ ನೋಡಿದಳು.
ನಲವತ್ತು ವರ್ಷ ಅವಳ ಮನೆಯಲ್ಲಿ ಉಂಡಿದ್ದೇನೆ.
ಯಾರ ಪಾಲಿಗೂ ಅವಳು ರುಚಿ ನೋಡಿದ್ದು
ನಾನು ಕಂಡಿಲ್ಲ.